ಉತ್ತರ ಕೊಡುವ ಮೊದಲು ಒಂದು ಉಸಿರು

ಮನೆಮಂದಿಯೊಡನೆ ಆಡುವ ಮಾತು ಪದೇ ಪದೇ ಜಗಳಕ್ಕೆ ತಿರುಗುತ್ತಿದೆ ಎಂದು ಬೇಸರಪಡುವವರಿಗೆ ಈ ಸಲಹೆ. 2009ರಲ್ಲಿ ಪ್ರಕಟವಾದ, 10 ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ ನೋಡಿದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಮಾತ್ರ. ಒಂದು ಪದವನ್ನು ಹುಡುಕಿ ಉಚ್ಚರಿಸಲು ಮಿದುಳಿಗೆ ಅದರ ಸುಮಾರು ಮೂರು ಪಟ್ಟು ಹೊತ್ತು ಬೇಕಾಗುವುದರಿಂದ, ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರ ಸಿದ್ಧವಾಗತೊಡಗಿರುತ್ತದೆ. ಇದು ಮಾತಿನ ಸಹಜ ಸ್ವಭಾವ. ಆದರೆ ಮನಸ್ಸು ಕೆರಳಿದ್ದಾಗ, ಆ ಉತ್ತರವು ಅವರು ಆಡಿದ ಮಾತಿಗಲ್ಲದೆ ನಾವು ಊಹಿಸಿಕೊಂಡ ಮಾತಿಗೆ ಹೋಗಿಬಿಡುತ್ತದೆ.

ಊಟಕ್ಕೆ ಕುಳಿತ ಅತ್ತೆಯವರು "ಇವತ್ತು ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಕಣಮ್ಮ" ಎನ್ನುತ್ತಾರೆ ಎಂದುಕೊಳ್ಳಿ. ಅಷ್ಟು ಕಿವಿಗೆ ಬೀಳುತ್ತಲೇ ದವಡೆ ಬಿಗಿಯುತ್ತದೆ, ಹಳೆಯ ಆಕ್ಷೇಪಣೆಗಳೆಲ್ಲ ಸಾಲುಗಟ್ಟಿ ನೆನಪಾಗುತ್ತವೆ. ಗಮನ ಇಡಬೇಕಾದದ್ದು ಆ ಬಿಗಿತದ ಮೇಲೆ, ಏಕೆಂದರೆ ಕೋಪ ಬಂದಿದೆಯೆಂದು ಮನಸ್ಸು ಒಪ್ಪುವ ಮೊದಲೇ ದೇಹ ಅದನ್ನು ತಿಳಿಸಿರುವುದುಂಟು. ಒಂದು ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಅವರು ಹೇಳಿದ್ದನ್ನಷ್ಟೇ ಹಿಡಿದು, "ಹೌದಾ ಅತ್ತೆ, ಸ್ವಲ್ಪ ಬಿಸಿನೀರು ಬೆರೆಸಿ ಕುದಿಸಲಾ?" ಎಂದು ಕೇಳಿ.

ಕೋಪವನ್ನು ನುಂಗಿಕೊಳ್ಳಿ ಎಂದು ನಾನು ಖಂಡಿತ ಹೇಳುತ್ತಿಲ್ಲ; ಮಾತು ನಿಜವಾಗಿಯೂ ನೋಯಿಸಿದ್ದರೆ ಊಟವಾದ ಮೇಲೆ, ಇಬ್ಬರೇ ಇರುವಾಗ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಅಭ್ಯಾಸವನ್ನು ಜಗಳದ ಹೊತ್ತಿನಲ್ಲಿ ಆರಂಭಿಸದೆ, ಸಂಜೆಯ ಕಾಫಿಯ ವೇಳೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯವರೊಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳುವುದರಿಂದ ಆರಂಭಿಸಿ.