ಗಾಣ ಒಂದೇ, ಸ್ಪೆಲ್ಲಿಂಗ್ ಎರಡು: ನನ್ನ ಸಣ್ಣ ಉದ್ದಿಮೆಗೆ ಕಾಗದ ಮಾಡಿಸಿದ ಅನುಭವ

ತಿಪಟೂರಿನ ಹತ್ತಿರದ ಒಂದು ಹಳ್ಳಿ ನಮ್ಮದು. 2023ರ ಯುಗಾದಿ ಕಳೆದ ಮೇಲೆ ಮನೆ ಪಕ್ಕದ ಹಳೇ ಕೊಟ್ಟಿಗೆಯನ್ನು ಸರಿಮಾಡಿಸಿ ಒಂದು ಮರದ ಗಾಣ ಹಾಕಿದೆ. ಎತ್ತು ಕಟ್ಟುವ ಗಾಣ ಅಲ್ಲ, ಮೋಟಾರಿನದು. ಮೊದಮೊದಲು ಅಕ್ಕಪಕ್ಕದವರು ಅವರವರ ಕೊಬ್ಬರಿ ತಂದು ಎಣ್ಣೆ ಆಡಿಸಿಕೊಂಡು ಹೋಗುತ್ತಿದ್ದರು. ನಾನು ಕೂಲಿ ತೆಗೆದುಕೊಳ್ಳುತ್ತಿದ್ದೆ, ಅಷ್ಟೆ. ಆಮೇಲೆ ನಾನೇ ಕೊಬ್ಬರಿ, ಕಡಲೆಕಾಯಿ ಬೀಜ ಕೊಂಡು ಎಣ್ಣೆ ತೆಗೆದು ಬಾಟಲಿಗೆ ತುಂಬಿ ಮಾರಲು ಶುರು ಮಾಡಿದೆ.

ಆ ವರ್ಷ ದಸರಾ ಹೊತ್ತಿಗೆ ಬೆಂಗಳೂರಿನ ಒಂದು ಅಂಗಡಿಯವರು ತಿಂಗಳಿಗೆ 60 ಲೀಟರ್ ಬೇಕು ಅಂದರು. ಖುಷಿಯಾಯಿತು. ಮರುದಿನ ಮತ್ತೆ ಫೋನ್ ಮಾಡಿ, 'ಬಿಲ್ ಯಾವ ಹೆಸರಲ್ಲಿ ಕೊಡ್ತೀರಾ? ಎಫ್‌ಎಸ್‌ಎಸ್‌ಎಐ ನಂಬರ್ ಕಳಿಸಿ' ಅಂದರು. ಎಫ್‌ಎಸ್‌ಎಸ್‌ಎಐ ಅಂದರೆ ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ನನ್ನ ಹತ್ತಿರ ಉದ್ದಿಮೆಯ ಹೆಸರೂ ಇರಲಿಲ್ಲ, ಆ ನಂಬರೂ ಇರಲಿಲ್ಲ. ತಿನ್ನುವ ಪದಾರ್ಥವನ್ನು ನೋಂದಣಿ ಇಲ್ಲದೆ ಮಾರುವ ಹಾಗೇ ಇಲ್ಲ. ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ. ಅವತ್ತಿನಿಂದ ಬಾಟಲಿ ತುಂಬುವುದನ್ನು ನಿಲ್ಲಿಸಿ, ಕೂಲಿಗೆ ಆಡಿಸುವುದನ್ನು ಮಾತ್ರ ಇಟ್ಟುಕೊಂಡು ಕಾಗದದ ಕೆಲಸಕ್ಕೆ ಇಳಿದೆ.

ಮೊದಲು ಗೊಂದಲವಾಗಿದ್ದು ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೇ. ಪ್ರೊಪ್ರೈಟರ್‌ಶಿಪ್ (ಒಬ್ಬನೇ ಮಾಲೀಕನ ಉದ್ದಿಮೆ) ನೋಂದಣಿ ಮಾಡುವ ಒಂದು ಆಫೀಸು ಇರುತ್ತದೆ, ಅಲ್ಲಿ ಅರ್ಜಿ ಕೊಟ್ಟರೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ ಅಂದುಕೊಂಡಿದ್ದೆ. ಪೇಟೆಯ ಒಬ್ಬ ಆಡಿಟರ್ ಬಿಡಿಸಿ ಹೇಳಿದರು. 'ಅಂಥ ಆಫೀಸೇ ಇಲ್ಲಪ್ಪ. ಕಂಪನಿ ಆದರೆ ಅದಕ್ಕೊಂದು ಬೇರೆ ಹುಟ್ಟು ಇರುತ್ತೆ. ಇದರಲ್ಲಿ ಉದ್ದಿಮೆ ಅಂದ್ರೆ ನೀನೇ. ನಿನ್ನ ಪ್ಯಾನ್ ಕಾರ್ಡೇ ಅದರ ಪ್ಯಾನ್ ಕಾರ್ಡು. ಅದರ ಸಾಲ ನಿನ್ನ ಸಾಲ.' ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಗಾಣಕ್ಕೆ ಮಾಡಿದ ಸಾಲ ತೀರದಿದ್ದರೆ ಸಾಲ ಕೊಟ್ಟವರು ಗಾಣಕ್ಕಷ್ಟೇ ನಿಲ್ಲಬೇಕಾಗಿಲ್ಲ, ನನ್ನ ಹೆಸರಲ್ಲಿರುವ ಆಸ್ತಿಯವರೆಗೂ ಬರಬಹುದು. ಇದನ್ನು ಮನೆಯಲ್ಲಿ ಕೂತು ಹೆಂಡತಿಗೂ ಅಮ್ಮನಿಗೂ ಹೇಳಿದೆ. ಅವರು ಒಪ್ಪಿದ ಮೇಲೇ ಮುಂದೆ ಹೋದೆ.

ಹಾಗಾದರೆ ಇಂಥ ಹೆಸರಿನ ಉದ್ದಿಮೆ ನನ್ನದು ಅಂತ ತೋರಿಸುವುದು ಹೇಗೆ? ಬೇರೆ ಬೇರೆ ಕಡೆ ಮಾಡಿಸುವ ನೋಂದಣಿಗಳೇ ಸಾಕ್ಷಿ. ನನ್ನಂಥವನಿಗೆ ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ), ಎಫ್‌ಎಸ್‌ಎಸ್‌ಎಐ, ಪಂಚಾಯಿತಿಯ ಉದ್ದಿಮೆ ಪರವಾನಗಿ, ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್, ಬೇಕಾದರೆ ಜಿಎಸ್‌ಟಿ. ಬೆಂಗಳೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಇವುಗಳ ಜೊತೆಗೆ ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ನೋಂದಣಿಯನ್ನೂ ಮಾಡಿಸಬೇಕಾಯಿತು.

ಉದ್ಯಮ್‌ನಿಂದ ಶುರು ಮಾಡಿದೆ, ಶುರುವಿನಲ್ಲೇ ಎಡವಿದೆ. ಮೊಬೈಲ್‌ನಲ್ಲಿ ಹುಡುಕಿದಾಗ ಮೇಲೆ ಬಂದ ಪುಟವನ್ನೇ ಸರ್ಕಾರದ್ದು ಅಂತ ನಂಬಿ ಫಾರ್ಮ್ ತುಂಬಿದೆ. ಕೊನೆಗೆ 1,499 ರೂಪಾಯಿ ಕೇಳಿತು, ಕಟ್ಟಿಬಿಟ್ಟೆ. ಅದು ಖಾಸಗಿಯವರದು. ದಯವಿಟ್ಟು ನೆನಪಿಟ್ಟುಕೊಳ್ಳಿ: ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಇಲ್ಲ. 2020ರ ಜುಲೈ 1ರಿಂದ ಹಳೇ ಉದ್ಯೋಗ್ ಆಧಾರ್ ಜಾಗದಲ್ಲಿ ಇದು ಬಂದಿದೆ. ಸರ್ಕಾರದ ಪುಟದ ವಿಳಾಸ ಗವ್ ಡಾಟ್ ಇನ್ ಅಂತಲೇ ಮುಗಿಯುತ್ತದೆ. ಆಧಾರ್ ನಂಬರ್ ಹಾಕಿ, ಅದಕ್ಕೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿ ಕೊಟ್ಟರೆ ಮುಂದಿನದು ಅರ್ಧ ಗಂಟೆಯ ಕೆಲಸ. ಯಾವ ಕಾಗದವನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ, ನಾವು ಹೇಳಿದ್ದೇ ಘೋಷಣೆ. ಅದಕ್ಕೇ ಹುಷಾರಾಗಿ ತುಂಬಬೇಕು.

ಅಲ್ಲಿ ತಲೆ ಕೆಡಿಸಿಕೊಂಡಿದ್ದು ಎರಡು ಕಡೆ. ಒಂದು, ಎನ್‌ಐಸಿ ಕೋಡ್. ನಾವು ಏನು ಕೆಲಸ ಮಾಡುತ್ತೇವೆ ಅನ್ನುವುದಕ್ಕೆ ಒಂದು ಸಂಖ್ಯೆ. ಎಣ್ಣೆ ಮಾರುತ್ತೇನಲ್ಲ ಅಂತ ವ್ಯಾಪಾರದ ಕೋಡ್ ಆರಿಸಲು ಹೊರಟಿದ್ದೆ. ನಾನು ಮಾಡುವುದು ತಯಾರಿಕೆ, ಎಣ್ಣೆ ತೆಗೆಯುವುದು 1040ರಲ್ಲಿ ಬರುತ್ತದೆ. ಮುಂದೆ ಆಹಾರ ಸಂಸ್ಕರಣೆಯ ಸಬ್ಸಿಡಿಗೋ ಸಾಲಕ್ಕೋ ಹೋದಾಗ ಇದೇ ಕೋಡ್ ನೋಡುತ್ತಾರೆ. ಇನ್ನೊಂದು, ಬ್ಯಾಂಕ್ ಖಾತೆ. ಉದ್ಯಮ್ ಫಾರ್ಮ್‌ನಲ್ಲಿ ಖಾತೆ ನಂಬರ್ ಕೇಳುತ್ತದೆ. ಬ್ಯಾಂಕಿಗೆ ಹೋದರೆ ಕರೆಂಟ್ ಅಕೌಂಟ್ ತೆರೆಯಲು ಉದ್ಯಮ್ ಸರ್ಟಿಫಿಕೇಟ್ ತನ್ನಿ ಅನ್ನುತ್ತಾರೆ. ಯಾವುದು ಮೊದಲು? ನಾನು ನನ್ನ ಉಳಿತಾಯ ಖಾತೆಯ ನಂಬರನ್ನೇ ಕೊಟ್ಟೆ. ಕರೆಂಟ್ ಅಕೌಂಟ್ ಆದ ಮೇಲೆ ಒಳಗೆ ಹೋಗಿ ಬದಲಾಯಿಸಿದೆ. ಅದಕ್ಕೂ ದುಡ್ಡಿಲ್ಲ.

ಎಫ್‌ಎಸ್‌ಎಸ್‌ಎಐ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಬೇಸಿಕ್ ನೋಂದಣಿ ಸಾಕಿತ್ತು. ವರ್ಷಕ್ಕೆ 100 ರೂಪಾಯಿ. ಐದು ವರ್ಷಕ್ಕೆ ಒಟ್ಟಿಗೆ 500 ಕಟ್ಟಿದೆ. ಫಾಸ್ಕಾಸ್ ಪೋರ್ಟಲ್‌ನಲ್ಲಿ ಫೋಟೋ, ಗುರುತಿನ ಚೀಟಿ, ಏನು ತಯಾರಿಸುತ್ತೇವೆ ಅನ್ನುವ ವಿವರ ಕೊಟ್ಟರೆ ಆಯಿತು. ನಮ್ಮ ಗ್ರಾಮ ಒನ್‌ನಲ್ಲಿ ಕೂರುವ ಹುಡುಗಿ ಜೊತೆಗಿದ್ದು ತುಂಬಿಸಿಕೊಟ್ಟಳು. 14 ಅಂಕಿಯ ನಂಬರ್ ಬಂತು. ಅವತ್ತೇ ಲೇಬಲ್ ಪ್ರಿಂಟಿಗೆ ಕೊಟ್ಟೆ. ಅಲ್ಲೇ ಆತುರಪಟ್ಟಿದ್ದು.

ಎರಡೂ ಕಾಗದ ಹಿಡಿದು ಬ್ಯಾಂಕಿಗೆ ಹೋದೆ. ಏಕಮಾಲೀಕರ ಖಾತೆಗೆ ಉದ್ದಿಮೆಯ ಹೆಸರಿರುವ ಎರಡು ದಾಖಲೆ ಕೇಳುವುದು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ. ಕೌಂಟರಿನಲ್ಲಿದ್ದ ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು, ಪೆನ್ನಿನ ತುದಿಯನ್ನು ಒಂದೊಂದೇ ಅಕ್ಷರದ ಮೇಲೆ ಇಡುತ್ತಾ ಹೋದರು. ಎರಡನೇ ಅಕ್ಷರ ಮುಗಿದ ಕೂಡಲೇ ಪೆನ್ನು ನಿಂತಿತು. 'ಇವು ಎರಡು ಬೇರೆ ಬೇರೆ ಹೆಸರು ಸರ್' ಅಂದರು. ನನಗೆ ಅರ್ಥವಾಗಲಿಲ್ಲ. ನನ್ನ ಉದ್ದಿಮೆಯ ಹೆಸರು 'ಗಾಣ' ಅನ್ನುವ ಪದದಿಂದ ಶುರುವಾಗುತ್ತದೆ. ಕನ್ನಡದಲ್ಲಿ ಒಂದು ದೀರ್ಘ ಹಾಕಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಉದ್ಯಮ್‌ನಲ್ಲಿ ನಾನು ಒಂದೇ 'ಎ' ಹಾಕಿದ್ದೆ. ಗ್ರಾಮ ಒನ್‌ನಲ್ಲಿ ಆ ಹುಡುಗಿ, ಓದುವಾಗ ಸರಿಯಾಗಿ ಬರಲಿ ಅಂತ ಎರಡು 'ಎ' ಹಾಕಿದ್ದಳು. ಇಬ್ಬರೂ ಗಾಣವನ್ನೇ ಬರೆದಿದ್ದೆವು. ಬ್ಯಾಂಕಿನ ಕಂಪ್ಯೂಟರಿಗೆ ಅದು ಎರಡು ಉದ್ದಿಮೆ.

ಯಾವುದನ್ನು ತಿದ್ದಿಸುವುದು ಅಂತ ಅವತ್ತು ರಾತ್ರಿ ಯೋಚಿಸಿದೆ. ಎಫ್‌ಎಸ್‌ಎಸ್‌ಎಐನಲ್ಲಿರುವ ಹೆಸರು ಆಗಲೇ ಲೇಬಲ್ ಮೇಲೆ ಅಚ್ಚಾಗಿ ಎರಡು ಸಾವಿರ ಬಂದು ಬಿದ್ದಿತ್ತು. ಉದ್ಯಮ್ ತಿದ್ದುವುದು ಪುಕ್ಕಟೆ. ಹಾಗಾಗಿ ಉದ್ಯಮ್‌ನಲ್ಲಿ ಇನ್ನೊಂದು 'ಎ' ಸೇರಿಸಿದೆ. ಆಮೇಲೆ ಇನ್ನೊಂದು ಗಂಟು ಸಿಕ್ಕಿತು. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಪ್ಯಾನ್‌ನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರಾಗಿದೆ. ನಮ್ಮ ಕಡೆ ಬಹಳ ಜನರದು ಹೀಗೇ ಇರುತ್ತದೆ, ಅಲ್ವಾ? ಆಧಾರ್ ತಿದ್ದಿಸಿ ಎರಡನ್ನೂ ಒಂದೇ ಮಾಡಿಸಿಕೊಂಡೆ. ಎಲ್ಲ ಸೇರಿ ಮೂರು ವಾರ ಹೋಯಿತು.

ಮತ್ತೆ ಹೋದಾಗ ರಬ್ಬರ್ ಸ್ಟಾಂಪ್ ಕೇಳಿದರು. ಉದ್ದಿಮೆಯ ಹೆಸರು, ಕೆಳಗೆ 'ಪ್ರೊಪ್ರೈಟರ್', ಮಧ್ಯೆ ಸಹಿಗೆ ಜಾಗ. ಆಮೇಲೆ ಒಂದು ದಿನ ಬ್ಯಾಂಕಿನವರೇ ಮನೆಗೆ ಬಂದು ಗಾಣ, ಬೋರ್ಡು ಎರಡನ್ನೂ ಫೋಟೋ ತೆಗೆದುಕೊಂಡು ಹೋದರು. ಬೋರ್ಡು ಇಲ್ಲದಿದ್ದರೆ ವಾಪಸ್ ಹೋಗುತ್ತಿದ್ದರೋ ಏನೋ. ಹಿಂದಿನ ದಿನವಷ್ಟೇ ಹಾಕಿಸಿದ್ದೆ, ದೊಡ್ಡದಾಗಿ ಕನ್ನಡದಲ್ಲಿ.

ಕರೆಂಟ್ ಅಕೌಂಟ್ ಯಾಕೆ ಬೇಕು, ಉಳಿತಾಯ ಖಾತೆಯಲ್ಲೇ ನಡೆಯುತ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿದ್ದು ನಿಮಗೂ ನೆನಪಿರಬೇಕು. ಆಗ ನಮ್ಮೂರ ಕಿರಾಣಿ ಅಂಗಡಿಯ ಚಿಕ್ಕಪ್ಪ ಗಾಬರಿಯಾಗಿ ಪಾಸ್‌ಬುಕ್ ತಂದು ತೋರಿಸಿದರು. ಅಂಗಡಿಯ ದುಡ್ಡು, ಮಗಳ ಮದುವೆಯ ಮುಯ್ಯಿ, ಚೀಟಿ ಎತ್ತಿದ್ದು, ಯಾರೋ ಕೈಸಾಲ ತೀರಿಸಿದ್ದು, ಎಲ್ಲ ಒಂದೇ ಖಾತೆಯಲ್ಲಿ. ಯಾವುದು ವ್ಯಾಪಾರ, ಯಾವುದು ಅಲ್ಲ ಅಂತ ಅವರಿಗೇ ಹೇಳಲು ಆಗುತ್ತಿರಲಿಲ್ಲ. ನನ್ನ ಎಣ್ಣೆಯ ಕ್ಯೂಆರ್ ಕೋಡ್ ಕರೆಂಟ್ ಅಕೌಂಟಿಗೇ ಹೋಗುತ್ತದೆ. ವರ್ಷದ ಕೊನೆಯಲ್ಲಿ ಆದಾಯ ತೆರಿಗೆಯ ಐಟಿಆರ್-4 ಫಾರ್ಮ್ ತುಂಬುವಾಗ ಆಡಿಟರ್‌ಗೆ ಒಂದೇ ಸ್ಟೇಟ್‌ಮೆಂಟ್ ಕೊಟ್ಟರೆ ಸಾಕು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಪ್ರಕಾರ ಬ್ಯಾಂಕ್ ಮೂಲಕ ಬಂದ ವಹಿವಾಟಿನಲ್ಲಿ ಕನಿಷ್ಠ ಶೇ. 6, ನಗದಿನಲ್ಲಿ ಬಂದಿದ್ದರಲ್ಲಿ ಕನಿಷ್ಠ ಶೇ. 8 ಲಾಭ ಅಂತ ತೋರಿಸಿದ್ದೇವೆ.

ಬ್ಯಾಂಕಿನ ಕೆಲಸಕ್ಕಿಂತ ಜಾಸ್ತಿ ದಿನ ತಿಂದಿದ್ದು ಜಾಗದ ಕಾಗದ. ಮೊದಲು ಮೋಟಾರನ್ನು ಮನೆಯ ಮೀಟರಿನಿಂದಲೇ ನಡೆಸುತ್ತಿದ್ದೆ. ಗೃಹಜ್ಯೋತಿ ಇರುವುದು ಮನೆಬಳಕೆಗೆ, ಗಾಣಕ್ಕಲ್ಲ. ಬೇರೆ ಎಲ್‌ಟಿ-5 (ಕೈಗಾರಿಕೆಯ ವಿದ್ಯುತ್) ಸಂಪರ್ಕ ಬೇಕು ಅಂತ ಅರ್ಜಿ ಹಾಕಲು ಹೋದರೆ ಜಾಗದ ಖಾತೆ ಅಪ್ಪನ ಹೆಸರಲ್ಲಿದೆ. ಮೀಟರೂ ಅಪ್ಪನ ಹೆಸರಲ್ಲೇ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪ್ರತಿ ತಿಂಗಳೂ ಬಿಲ್ ಮೇಲೆ ಅವರ ಹೆಸರು ಬರುತ್ತಿತ್ತು. ಅದನ್ನು ತೆಗೆಸಲು ನಮಗ್ಯಾರಿಗೂ ಮನಸ್ಸು ಬಂದಿರಲಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಕ್ಕನ ಒಪ್ಪಿಗೆ ಎಲ್ಲ ಸೇರಿಸಿ ಅಮ್ಮನ ಹೆಸರಿಗೆ ಖಾತೆ ಮಾಡಿಸಿದೆವು. ಅಕ್ಕ ಅರಸೀಕೆರೆಯಿಂದ ಬಂದು ಸಹಿ ಹಾಕಿ ಹೋದಳು. ಆಮೇಲೆ ಕರೆಂಟು, ಪಂಚಾಯಿತಿ ಪರವಾನಗಿ ಎರಡೂ ಸಲೀಸಾಗಿ ಆದವು. ಹಳೇ ಬಿಲ್ ಒಂದನ್ನು ಅಮ್ಮ ದೇವರ ಮನೆಯ ಗೂಡಿನಲ್ಲಿ ಮಡಚಿ ಇಟ್ಟಿದ್ದಾಳೆ.

ಜಿಎಸ್‌ಟಿ ಬೇಡ ಅಂತಲೇ ಇದ್ದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ಬೇಕಾಗಿಲ್ಲ. ಸೇವೆ ಕೊಡುವವರಿಗೆ ಇದು 20 ಲಕ್ಷ. 2024ರಲ್ಲಿ ಹೊಸೂರಿನ ಒಬ್ಬರು ಎಣ್ಣೆ ಕೇಳಿದರು. ಬೆಂಗಳೂರಿನಿಂದ ಒಂದು ಗಂಟೆಯ ದಾರಿ, ಆದರೆ ಅದು ತಮಿಳುನಾಡು. ತೆರಿಗೆ ಇರುವ ಸರಕು ರಾಜ್ಯದ ಗಡಿ ದಾಟಿದರೆ ಒಂದು ಲೀಟರ್ ಆದರೂ ಜಿಎಸ್‌ಟಿ ನೋಂದಣಿ ಬೇಕು, 40 ಲಕ್ಷದ ಮಾತು ಅಲ್ಲಿ ನಡೆಯುವುದಿಲ್ಲ. ಖಾದ್ಯ ತೈಲಕ್ಕೆ ಶೇ. 5 ತೆರಿಗೆ ಇದೆ. ಸಣ್ಣ ವ್ಯಾಪಾರಿಗಳು ಸರಳವಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮೂ ಹೊರ ರಾಜ್ಯಕ್ಕೆ ಮಾರುವವರಿಗೆ ಸಿಗುವುದಿಲ್ಲ. ಒಂದು ವಾರ ಲೆಕ್ಕ ಹಾಕಿ ನೋಡಿದೆ. ಹೊಸೂರಿನವರು ಖಾಯಂ ಗಿರಾಕಿ ಆಗುತ್ತಾರೆ ಅನಿಸಿದ ಮೇಲೆ ಅರ್ಜಿ ಹಾಕಿದೆ. ಇದಕ್ಕೂ ಶುಲ್ಕ ಇಲ್ಲ. ಜಾಗ ಅಮ್ಮನದು ಆದ್ದರಿಂದ ಅವಳ ಒಪ್ಪಿಗೆ ಪತ್ರ ಬೇಕು. ಅದನ್ನು ಮರೆತಿದ್ದೆ. ವಿವರಣೆ ಕೇಳಿ ನೋಟಿಸ್ ಬಂತು, ಏಳು ಕೆಲಸದ ದಿನದೊಳಗೆ ಉತ್ತರಿಸಬೇಕಿತ್ತು. ಮೂರನೇ ದಿನ ಪತ್ರ ಹಾಕಿದೆ. 29ರಿಂದ ಶುರುವಾಗಿ, ನಡುವೆ ನನ್ನ ಪ್ಯಾನ್ ಇರುವ 15 ಅಕ್ಷರದ ನಂಬರ್ ಬಂತು. ಸುಮ್ನೆ ಇರಲಿ ಅಂತ ಜಿಎಸ್‌ಟಿ ತೆಗೆದುಕೊಳ್ಳಬೇಡಿ. ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು, ಸೊನ್ನೆ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ಬೀಳುತ್ತದೆ.

ಲೇಬಲ್ ಬಗ್ಗೆ ಒಂದು ಮಾತು. ನಾನು ಆತುರದಲ್ಲಿ ಅಚ್ಚು ಹಾಕಿಸಿದ ಎರಡು ಸಾವಿರದಲ್ಲಿ ಲೀಟರ್ ಮಾತ್ರ ಇತ್ತು, ತೂಕ ಇರಲಿಲ್ಲ. ಅಡುಗೆ ಎಣ್ಣೆಗೆ ಎರಡೂ ಬೇಕು, ಲೀಟರಿಗೆ 910 ಗ್ರಾಂ ಅನ್ನುವ ಹಾಗೆ. ಅಷ್ಟನ್ನೂ ಬಿಸಾಕಿದೆ. ಇನ್ನೊಂದು, ನಮ್ಮ ಕಡೆಯ ಹೆಂಗಸರು ಈ ಕೊಬ್ಬರಿ ಎಣ್ಣೆಯನ್ನು ತಲೆಗೂ ಹಚ್ಚುತ್ತಾರೆ. ಹಾಗಂತ ಲೇಬಲ್ ಮೇಲೆ ಕೂದಲಿನ ಎಣ್ಣೆ ಅಂತ ಬರೆಯಬಾರದು. ಬರೆದರೆ ಅದು ಸೌಂದರ್ಯವರ್ಧಕ, ಅದಕ್ಕೆ ಲೈಸೆನ್ಸೇ ಬೇರೆ. 2025ರ ಸೆಪ್ಟೆಂಬರ್‌ವರೆಗೆ ತೆರಿಗೆಯೂ ಬೇರೆ ಇತ್ತು.

2025ರಲ್ಲಿ ಇನ್ನೊಂದು ತಿರುವು ಬಂತು. ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 20,000 ದಾಟಿತು. ನಾನು ತೆಗೆಯುವ ಎಣ್ಣೆ ಅಷ್ಟೇ, ದರ ಮಾತ್ರ ಏರಿತು. ಹಿಂಡಿ ಮಾರಿದ್ದನ್ನೂ ಸೇರಿಸಿ ನೋಡಿದರೆ ವಹಿವಾಟು 12 ಲಕ್ಷದ ಹತ್ತಿರ ಬಂದುಬಿಟ್ಟಿತ್ತು. ಲಾಭ ಏನೂ ಹೆಚ್ಚಿರಲಿಲ್ಲ. ಆದರೆ ಮಿತಿಗೆ ಲೆಕ್ಕ ವಹಿವಾಟಿನದು, ಲಾಭದ್ದಲ್ಲ. ದಾಟುವ ಮೊದಲೇ ಎಫ್‌ಎಸ್‌ಎಸ್‌ಎಐನ ರಾಜ್ಯ ಲೈಸೆನ್ಸಿಗೆ ಅರ್ಜಿ ಹಾಕಿದೆ.

ಈಗ ಹೆಂಡತಿ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಅವಳದೇ ಹೆಸರಲ್ಲಿ ಶುರು ಮಾಡುತ್ತೇನೆ ಅನ್ನುತ್ತಿದ್ದಾಳೆ. ಹೋದ ವಾರ ಇಬ್ಬರೂ ಕೂತು ಮೊದಲು ಮಾಡಿದ ಕೆಲಸ ಇದು: ಅವಳ ಆಧಾರ್, ಪ್ಯಾನ್ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ಅವಳ ಹೆಸರನ್ನೂ ಉದ್ದಿಮೆಯ ಹೆಸರನ್ನೂ ಇಂಗ್ಲಿಷಿನ ಒಂದೊಂದೇ ಅಕ್ಷರವಾಗಿ ದಪ್ಪಗೆ ಒಂದು ರಟ್ಟಿನ ಮೇಲೆ ಬರೆದೆವು. ದೀರ್ಘ ಎಲ್ಲಿದೆಯೋ ಅಲ್ಲಿ ಎಷ್ಟು 'ಎ' ಅಂತ ಆಗಲೇ ತೀರ್ಮಾನ ಮಾಡಿದೆವು. ಆ ರಟ್ಟು ಈಗ ಗಾಣದ ಪಕ್ಕದ ಗೋಡೆಯ ಮೊಳೆಗೆ ತೂಗುತ್ತಿದೆ. ಗ್ರಾಮ ಒನ್‌ಗೆ ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾಳೆ.