ಹೊಸ ಕಾಯಿನ್‌ಗೆ ಯಾವ ಮೈನಿಂಗ್ ಅಲ್ಗಾರಿದಮ್? ಮೊದಲು ಬಾಡಿಗೆ ದರ ನೋಡಿ

ಮೈಸೂರು, ಮಂಡ್ಯದ ಕಡೆ ಇಂಜಿನಿಯರಿಂಗ್ ಓದುವ ಹುಡುಗರು ಬಿಟ್‌ಕಾಯಿನ್ ಕೋಡ್ ತಗೊಂಡು, ಹೆಸರು, ಲೋಗೋ ಬದಲಾಯಿಸಿ, ಅದರ ಮೈನಿಂಗ್ ಅಲ್ಗಾರಿದಮ್ (ಹೊಸ ಬ್ಲಾಕ್ ಸೇರಿಸಲು ಯಂತ್ರಗಳು ಮಾಡುವ ಲೆಕ್ಕ, ಅಂದರೆ ಹ್ಯಾಶ್) ಎಸ್‌ಎಚ್‌ಎ-256 ಮಾತ್ರ ಹಾಗೇ ಬಿಟ್ಟುಬಿಡುತ್ತಾರೆ. ವೈವಾಗೆ ಅಷ್ಟು ಸಾಕು. ನಿಜವಾಗಿ ನೆಟ್‌ವರ್ಕ್ ನಡೆಸೋದಾದರೆ ಸಾಲದು.

ಯಾವ ಹ್ಯಾಶ್ ಜಾಸ್ತಿ ಗಟ್ಟಿ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಲೆಕ್ಕ ಮಾಡುವ ಯಂತ್ರಗಳು ಈಗಾಗಲೇ ಯಾರ ಹತ್ತಿರ ಇವೆ, ಬಾಡಿಗೆಗೆ ಸಿಗುತ್ತವಾ? ಮೈನಿಂಗ್ ಶಕ್ತಿ ಬಾಡಿಗೆಗೆ ಸಿಗುವ ನೈಸ್‌ಹ್ಯಾಶ್ ತಾಣದಲ್ಲಿ ಆ ಅಲ್ಗಾರಿದಮ್‌ನ ದಿನದ ದರ ನೋಡಿ, ನಿಮ್ಮ ನೆಟ್‌ವರ್ಕ್‌ಗೆ ಸಿಗಬಹುದಾದ ಒಟ್ಟು ಹ್ಯಾಶ್‌ರೇಟ್‌ನಿಂದ (ಸೆಕೆಂಡಿಗೆ ಎಷ್ಟು ಹ್ಯಾಶ್ ಅನ್ನೋದು) ಗುಣಿಸಿ, 24ರಿಂದ ಭಾಗಿಸಿ. ನಿಮ್ಮ ಚೈನನ್ನು ಒಂದು ಗಂಟೆ ಕೈವಶ ಮಾಡಿಕೊಳ್ಳಲು ಹೆಚ್ಚುಕಮ್ಮಿ ಅಷ್ಟೇ ಖರ್ಚು. ಆ ಮೊತ್ತ ಸರಸ್ವತಿಪುರಂನ ಒಂದು ರೂಮಿನ ತಿಂಗಳ ಬಾಡಿಗೆಗಿಂತ ಕಡಿಮೆ ಬಂದರೆ ಆ ಅಲ್ಗಾರಿದಮ್ ಕೈಬಿಡಿ. 2020ರ ಆಗಸ್ಟ್‌ನಲ್ಲಿ ಇಥೀರಿಯಂ ಕ್ಲಾಸಿಕ್ ಮೇಲೆ ಒಂದೇ ತಿಂಗಳಲ್ಲಿ ಹಲವು ಸಲ 51% ದಾಳಿ (ಅರ್ಧಕ್ಕಿಂತ ಹೆಚ್ಚು ಮೈನಿಂಗ್ ಶಕ್ತಿ ಹಿಡಿದು ಚೈನ್ ಕೈವಶ ಮಾಡಿಕೊಳ್ಳೋದು) ಆಯಿತು. ಆಗ ದೊಡ್ಡಣ್ಣ ಇಥೀರಿಯಂ ಕೂಡ ಅದೇ ಈಥ್ಯಾಶ್ ಅಲ್ಗಾರಿದಮ್ ಮೇಲೇ ನಡೆಯುತ್ತಿತ್ತು, ಹಾಗಾಗಿ ಯಂತ್ರಗಳಿಗೇನೂ ಬರ ಇರಲಿಲ್ಲ.

ಹಾಗಂತ ಸ್ವಂತ ಹ್ಯಾಶ್ ಬರೆಯೋಕೆ ಹೋಗಬೇಡಿ. ಐಓಟಾ ಕಾಯಿನ್‌ನವರ ಸ್ವಂತ ಕರ್ಲ್ ಹ್ಯಾಶ್‌ನಲ್ಲಿ 2017ರಲ್ಲೇ ತೂತು ಸಿಕ್ಕಿತು.

ನನ್ನ ಮಟ್ಟಿಗೆ ಮೊದಲ ಆಯ್ಕೆ ರ್‍ಯಾಂಡಮ್‌ಎಕ್ಸ್. ಮೊನೆರೋ ಕಾಯಿನ್ 2019ರ ನವೆಂಬರ್‌ನಿಂದ ಬಳಸುತ್ತಿದೆ, ಸಾಮಾನ್ಯ ಸಿಪಿಯುಗೇ ಹೊಂದುವಂಥದ್ದು. ವೇಗವಾಗಿ ಓಡಬೇಕಾದರೆ 2 ಜಿಬಿಗೂ ಸ್ವಲ್ಪ ಜಾಸ್ತಿ ರ್‍ಯಾಮ್ ಬೇಕು, ಜೊತೆಗೆ ಪ್ರತಿ ಥ್ರೆಡ್‌ಗೆ 2 ಎಂಬಿ ಕ್ಯಾಶ್. ಅಂದರೆ 6 ಎಂಬಿ ಕ್ಯಾಶ್ ಇರುವ ಹಳೆ ಐ5ನಲ್ಲಿ ಮೂರು ಥ್ರೆಡ್ ಹಾಕಿ, ನಾಲ್ಕನೆಯದರಿಂದ ಲಾಭ ಕಡಿಮೆ. ಇನ್ನೊಂದು ಮುಖ್ಯ ಕೆಲಸ ಇದೆ: ಕಾನ್ಫಿಗರೇಷನ್ ಫೈಲ್‌ನಲ್ಲಿ ಆರ್ಗಾನ್ ಸಾಲ್ಟ್ (ಹ್ಯಾಶ್ ಲೆಕ್ಕಕ್ಕೆ ಬೆರೆಸುವ ಗುರುತಿನ ಪದ) ಬದಲಾಯಿಸಲೇಬೇಕು. ಸುಮ್ನೆ ಹಾಗೇ ಬಿಟ್ಟರೆ ಮೊನೆರೋ ಮೈನರ್‌ಗಳೆಲ್ಲ ಏನೂ ಬದಲಾಯಿಸದೆ ನಿಮ್ಮ ಚೈನ್ ಮೇಲೆ ಬಂದು ಕೂರಬಹುದು. ಬಾಟ್‌ನೆಟ್ (ಕಳ್ಳತನದಿಂದ ಹಿಡಿತಕ್ಕೆ ತಗೊಂಡ ಬೇರೆಯವರ ಕಂಪ್ಯೂಟರ್‌ಗಳ ಜಾಲ) ಕಾಟ ಮಾತ್ರ ಸಿಪಿಯು ಕಾಯಿನ್‌ಗಳಿಗೆ ತಪ್ಪಿದ್ದಲ್ಲ.

ಇನ್ನೊಂದು ದಾರಿ, ದೊಡ್ಡವರ ಜೊತೆ ಮರ್ಜ್ ಮೈನಿಂಗ್, ಅಂದರೆ ಒಂದೇ ಲೆಕ್ಕದಿಂದ ಎರಡೂ ಚೈನ್ ಮೈನ್ ಮಾಡೋದು. ಡೋಜ್‌ಕಾಯಿನ್ 2014ರಲ್ಲಿ ಲೈಟ್‌ಕಾಯಿನ್ ಜೊತೆ ಸ್ಕ್ರಿಪ್ಟ್ (scrypt) ಅಲ್ಗಾರಿದಮ್‌ನಲ್ಲಿ ಹೀಗೇ ಸೇರಿಕೊಂಡಿತು. ಆದರೆ ದೊಡ್ಡ ಪೂಲ್‌ಗಳು (ಒಟ್ಟಾಗಿ ಮೈನ್ ಮಾಡುವ ಗುಂಪುಗಳು) ನಿಮ್ಮನ್ನು ಸೇರಿಸಿಕೊಳ್ಳಬೇಕಲ್ವಾ?

ಯಾವುದನ್ನೇ ಆರಿಸಿದರೂ ಬಿಟ್‌ಕಾಯಿನ್‌ನ 2016 ಬ್ಲಾಕ್‌ಗಳಿಗೊಮ್ಮೆ ಡಿಫಿಕಲ್ಟಿ (ಬ್ಲಾಕ್ ಸಿಗೋದು ಎಷ್ಟು ಕಷ್ಟ ಅನ್ನೋದು) ಬದಲಾಗುವ ಪದ್ಧತಿ ತೆಗೆದುಹಾಕಿ. ಲಾಭ ಕಂಡಾಗ ಹಿಂಡಾಗಿ ಬರುವ ಮೈನರ್‌ಗಳು ಡಿಫಿಕಲ್ಟಿ ಏರಿಸಿ ಹೊರಟುಹೋದರೆ, ನಿಮ್ಮ ಚೈನ್ ವಿ.ಸಿ. ನಾಲೆಯ ಕೊನೆ ಗದ್ದೆ ಥರ ಒಣಗಿ ಕೂರುತ್ತದೆ. ಪ್ರತಿ ಬ್ಲಾಕ್‌ಗೂ ಡಿಫಿಕಲ್ಟಿ ಸರಿಹೊಂದಿಸುವ ಎಲ್‌ಡಬ್ಲ್ಯುಎಂಎ ಸೂತ್ರ (ಇತ್ತೀಚಿನ ಬ್ಲಾಕ್‌ಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ) ಹಾಕಿ. ಟೆಸ್ಟ್‌ನೆಟ್‌ನಲ್ಲಿ ಹ್ಯಾಶ್‌ರೇಟನ್ನು ನೀವೇ ಹತ್ತು ಪಟ್ಟು ಏರಿಸಿ, ದಿಢೀರ್ ಇಳಿಸಿ, ಮುಂದಿನ ಬ್ಲಾಕ್ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ.