ಅಪ್ಪ ಅಮ್ಮನ ಜೊತೆ ಹಕ್ಕಿ ನೋಡಲು ಹೊರಡುವುದು ಹೇಗೆ?

ವಯಸ್ಸಾದ ಅಪ್ಪ ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗೋಣ ಅಂದರೆ ನಮಗೆ ಹೊಳೆಯುವುದು ದೇವಸ್ಥಾನ, ಬಿಟ್ಟರೆ ಜೋಗ. ಕವಲೇದುರ್ಗದ ಬೆಟ್ಟದ ಕೋಟೆ ಹತ್ತಿಸೋಣ ಅಂದರೆ ಅವರ ಮಂಡಿ ಒಪ್ಪಬೇಕಲ್ವಾ? ಹಕ್ಕಿ ನೋಡುವುದಕ್ಕೆ ಆ ತೊಂದರೆ ಇಲ್ಲ. ಓಡಾಡುವವರಿಗಿಂತ ಒಂದೇ ಕಡೆ ಸುಮ್ನೆ ಕೂತವರಿಗೆ ಇಲ್ಲಿ ಜಾಸ್ತಿ ಕಾಣುತ್ತದೆ. ಹಾಗೆ ಕೂರುವ ತಾಳ್ಮೆ ನಮಗಿಂತ ಅವರಿಗೇ ಹೆಚ್ಚು.

ಮೊದಲ ಒಂದೆರಡು ವಾರ ಎಲ್ಲಿಗೂ ಹೋಗಬೇಡಿ. ಬೆಳಿಗ್ಗೆ ಆರೂವರೆಗೆ ಜಗಲಿಯಲ್ಲೋ ತೋಟದ ಅಂಚಿನಲ್ಲೋ ಕುರ್ಚಿ ಹಾಕಿ, ಕಾಫಿ ಹಿಡಿದು ಕೂತುಕೊಳ್ಳಿ. ಪುಸ್ತಕ ಬೇಡ, ಆ್ಯಪ್ ಬೇಡ. ‘ಅಮ್ಮ, ಅದ್ಯಾವ ಹಕ್ಕಿ?’ ಅಂತ ನೀವೇ ಕೇಳಿ. ಮಲೆನಾಡಿನಲ್ಲಿ ಬೆಳೆದವರಿಗೆ ಕಾಜಾಣ, ಪಿಕಳಾರ, ಕುಟ್ರುಹಕ್ಕಿ, ಕೆಂಬೂತ ಹೊಸದೇನಲ್ಲ. ಅವರು ಹೇಳುವ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ತಿದ್ದಲು ಹೋಗಬೇಡಿ, ಹಾಗೇ ಬರೆದುಕೊಳ್ಳಿ. ಕಲಿಸುವವರು ಅವರಾದರೆ ಮಾರನೇ ದಿನ ನಿಮಗಿಂತ ಮೊದಲು ಎದ್ದು ಕೂತಿರುತ್ತಾರೆ.

ಒಂದು ವಿಷಯ ಗಮನದಲ್ಲಿರಲಿ. ವಯಸ್ಸಾದಂತೆ ಕಿವಿಗೆ ಮೊದಲು ಕೈಕೊಡುವುದು ಕೀರಲು ದನಿಗಳು. ಸೂರಕ್ಕಿಯ ಚಿಕ್ಕ ದನಿ ಅಪ್ಪನಿಗೆ ಕೇಳದೇ ಇರಬಹುದು, ಕೆಂಬೂತದ ‘ಕೂಪ್ ಕೂಪ್’ ಚೆನ್ನಾಗಿಯೇ ಕೇಳುತ್ತದೆ. ‘ಕೇಳಿಸ್ತಾ, ಕೇಳಿಸ್ತಾ?’ ಅಂತ ಪೀಡಿಸಬೇಡಿ. ‘ಹಲಸಿನ ಮರದ ಎಡಗಡೆ ಕೊಂಬೆ, ಎಲೆ ಇಲ್ಲದ ತುದಿ’ ಅಂತ ಜಾಗ ತೋರಿಸಿ.

ಆಸಕ್ತಿ ಕುದುರಿದ ಮೇಲೆ ಬೈನಾಕ್ಯುಲರ್ ತನ್ನಿ. ಹೆಚ್ಚಿನವರು ಸೋಲುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರ ಮೇಲೆ 8x42 ಅಂತ ಇರಲಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದು ಅನ್ನಿಸುತ್ತದೆ, ಆದರೆ ಕೈ ನಡುಗಿದರೆ ಆ ನಡುಕವೂ ಹತ್ತು ಪಟ್ಟಾಗಿ ಕಾಣುತ್ತದೆ. ಕನ್ನಡಕ ಹಾಕುವವರಾದರೆ ಕಣ್ಣಿನ ಕಡೆಯ ರಬ್ಬರ್ ಬಳೆಯನ್ನು ಒಳಕ್ಕೆ ತಿರುಗಿಸಿ ಅಥವಾ ಮಡಚಿ. ಈಗ ಎರಡು ನಳಿಗೆಗಳನ್ನು ಹತ್ತಿರ ದೂರ ಮಾಡುತ್ತಾ ಒಂದೇ ವೃತ್ತ ಕಾಣುವಂತೆ ಹೊಂದಿಸಿ. ಬಲಗಡೆ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಲಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆಯಿಂದ ಬಲಗಣ್ಣಿಗೆ. ಈ ಬಳೆ ಒಮ್ಮೆ ಕೂತರೆ ಮುಗಿಯಿತು, ಮುಂದೆ ನಡುವಿನ ಚಕ್ರ ಒಂದೇ ಸಾಕು. ಅಪ್ಪನಿಗೆ ಹೊಂದಿಸಿದ್ದು ಅಮ್ಮನಿಗೆ ಆಗುವುದಿಲ್ಲ. ಹಾಗಾಗಿ ಸಾಧ್ಯವಾದರೆ ಎರಡು ಬೈನಾಕ್ಯುಲರ್ ಇಟ್ಟುಕೊಳ್ಳಿ.

ಅದರಲ್ಲಿ ಹಕ್ಕಿ ಹುಡುಕುವುದಲ್ಲ. ಮೊದಲು ಬರಿಗಣ್ಣಲ್ಲಿ ಹಕ್ಕಿ ನೋಡಿ, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಮೊಣಕೈ ಕುರ್ಚಿಯ ಕೈ ಮೇಲೆ ಊರಿದರೆ ನಡುಕ ನಿಲ್ಲುತ್ತದೆ.

ಮೊದಲ ಪ್ರಯಾಣಕ್ಕೆ ನನ್ನ ಆಯ್ಕೆ ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ರಸ್ತೆಗೆ ಹತ್ತಿರ, ಹೆಚ್ಚು ನಡೆಯುವಂತಿಲ್ಲ. ವೀಕ್ಷಣಾ ಗೋಪುರ ಇದೆ, ಮೆಟ್ಟಿಲು ಬೇಡ ಅಂದರೆ ದಡದಿಂದಲೇ ನೋಡಬಹುದು. ಹಾವಕ್ಕಿ ಈಜುವಾಗ ಮೈಯೆಲ್ಲ ನೀರಲ್ಲಿ ಮುಳುಗಿ ಕುತ್ತಿಗೆ ಮಾತ್ರ ಹಾವಿನ ಹಾಗೆ ಮೇಲೆ ಕಾಣುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿದ್ದರೆ ಯಾಕೆ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ಅದರ ಗರಿ ಬೇಗ ನೆನೆಯುತ್ತದೆ. ಮೀನು ಹಿಡಿಯಲು ಆಳಕ್ಕೆ ಮುಳುಗುವುದಕ್ಕೆ ಅದೇ ಅನುಕೂಲ, ಆದರೆ ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು.

ಮಡಚುವ ಕುರ್ಚಿ, ಕೊಡೆ, ಫ್ಲಾಸ್ಕ್, ಬಿಪಿ ಮಾತ್ರೆ ಮರೆಯಬೇಡಿ. ಸಕ್ಕರೆ ಕಾಯಿಲೆ ಇದ್ದವರು ಖಾಲಿ ಹೊಟ್ಟೆಯಲ್ಲಿ ಹೊರಡುವುದು ಬೇಡ. ಮಳೆಗಾಲದಲ್ಲಿ ಇಂಬಳಕ್ಕಿಂತ (ಜಿಗಣೆ) ನನಗೆ ಹೆಚ್ಚು ಭಯ ಪಾಚಿಯದ್ದು. ಇಂಬಳ ಉಪ್ಪು ಹಾಕಿದರೆ ಉದುರುತ್ತದೆ, ಜಾರಿ ಬಿದ್ದು ಸೊಂಟ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಹಿಡಿತ ಇರುವ ಚಪ್ಪಲಿ ಹಾಕಿಸಿ, ದಡದ ಕಲ್ಲಿನ ಮೇಲೆ ಇಳಿಸಲೇಬೇಡಿ.

ಚಳಿಗಾಲ, ಬೇಸಿಗೆಯಲ್ಲಿ ಲೆಕ್ಕ ಬೇರೆ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಇದು ಉಣುಗು (ಉಣ್ಣೆ ಹುಳ) ಕಚ್ಚಿ ಹರಡುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಡಿನ ಹತ್ತಿರವೂ ಹೋಗಬೇಡಿ. ತರಗೆಲೆ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಒಂದು ಗಂಟೆ ಸಾಕು. ‘ಇನ್ನೊಂಚೂರು ಇರೋಣ’ ಅಂತ ಅಮ್ಮ ಹೇಳುವಾಗಲೇ ಎದ್ದು ಬಿಡಿ. ಮಂಡಗದ್ದೆ ಇಷ್ಟವಾದರೆ ಮುಂದಿನ ಸಲ ಸೊರಬದ ಹತ್ತಿರದ ಗುಡವಿ ಕೆರೆಗೆ ಹೋಗಬಹುದು, ಅಲ್ಲಿ ಬಿಳಿ ಕೆಂಬರಲು (ವೈಟ್ ಐಬಿಸ್) ಹಕ್ಕಿಗಳು ಬರುತ್ತವೆ. ಶಿವಮೊಗ್ಗದಿಂದ ದೂರ ಜಾಸ್ತಿ, ಆದ್ದರಿಂದ ಹಿಂದಿನ ದಿನವೇ ಸೊರಬದಲ್ಲಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದುಕೊಳ್ಳಿ.